ಐಸಿಯು ಸಿಬ್ಬಂದಿಯ ಮನದ ಗಾಯ: ನಮ್ಮ ಧರ್ಮಕೇಂದ್ರಗಳು ತಿಳಿದಿರಬೇಕಾದದ್ದು

ಕೋವಿಡ್ ಮುಗಿಯಿತು ಎಂದು ನಾವೆಲ್ಲರೂ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತು ಪರಿಸ್ಥಿತಿ ಮುಗಿದಿದೆ ಎಂದು ಘೋಷಿಸಿತು. ಅದಕ್ಕೆ ಸರಿಯಾಗಿ ಎರಡು ವರ್ಷಗಳ ಹಿಂದೆ, 2021ರ ಮೇ 5ರಂದು, ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಸೋಂಕು ತಗಲಿದ್ದು ವರದಿಯಾಗಿತ್ತು. ಮೊದಲ ಅಲೆಯ ಅತ್ಯಂತ ಕೆಟ್ಟ ದಿನಗಳಲ್ಲಿ, ಅಂದರೆ 2020ರ ಅಕ್ಟೋಬರ್‌ನಲ್ಲಿ, ಈ ಸಂಖ್ಯೆ 10 ಸಾವಿರದ ಆಸುಪಾಸಿನಲ್ಲಿತ್ತು. ಐದು ಪಟ್ಟು ರೋಗಿಗಳು ಬಂದರು; ಆದರೆ ಅವರನ್ನು ನೋಡಿಕೊಳ್ಳುವ ಕೈಗಳು ಐದು ಪಟ್ಟು ಹೆಚ್ಚಲಿಲ್ಲ. ಆ ಕೈಗಳ ಹಿಂದಿದ್ದ ಮನಸ್ಸುಗಳಿಗೆ ಏನಾಯಿತು, ಇಂದಿಗೂ ಏನಾಗುತ್ತಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕರಾವಳಿಯ ನಮಗೆ ಇದು ದೂರದ ವಿಷಯವಲ್ಲ. ನಮ್ಮ ಯಾವುದೇ ಧರ್ಮಕೇಂದ್ರದ ಒಂದು ವಾರ್ಡಿನಲ್ಲಿ ನಿಂತು ಕೇಳಿ ನೋಡಿ, ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ನರ್ಸ್ ಆಗಿರುವ ಮಗಳು ಅಥವಾ ಸೊಸೆ ಇರುವ ಮನೆ ಸಿಕ್ಕೇ ಸಿಗುತ್ತದೆ. ಬೆಂಗಳೂರಿನ ಪೂರ್ವ ಭಾಗದ ಸರ್ವಜ್ಞನಗರ ಅಂಥವರು ಹೆಚ್ಚಾಗಿ ನೆಲೆಸಿರುವ ಪ್ರದೇಶ. ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ, ಮಾರುತಿ ಸೇವಾನಗರ, ಕಾಡುಗೊಂಡನಹಳ್ಳಿ ಈ ಹೆಸರುಗಳು ನಮ್ಮ ಎಷ್ಟೋ ಕುಟುಂಬಗಳಿಗೆ ಪರಿಚಿತ. ಇಲ್ಲಿನವರು ಚಿಕಿತ್ಸೆಗೆಂದು ಹೋಗುವ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹಾಗೂ ಇಂದಿರಾನಗರ ಕಡೆಯ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಇವೆರಡನ್ನೂ 2020ರಲ್ಲಿ ಕೋವಿಡ್ ಚಿಕಿತ್ಸೆಗೆ ಮೀಸಲಿಡಲಾಗಿತ್ತು. 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಕಾಣಿಸಿಕೊಂಡಾಗ ಅದರ ಚಿಕಿತ್ಸೆಯ ಭಾರವನ್ನೂ ಬೌರಿಂಗ್ ಆಸ್ಪತ್ರೆಯೇ ಹೊತ್ತುಕೊಂಡಿತು. ಉಸಿರಾಟದ ಗಂಡಾಂತರದಿಂದ ಪಾರಾಗಿ ಬಂದ ರೋಗಿಯ ಕಣ್ಣನ್ನೋ ದವಡೆಯನ್ನೋ ತೆಗೆಯಬೇಕಾದ ಕಾಯಿಲೆ ಅದು.

ದಂಡು ಪ್ರದೇಶಕ್ಕೆ ಸಾಂಕ್ರಾಮಿಕ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಸಾವಿರಾರು ಜನರು ಸತ್ತರು. ಆ ಪಾಠದಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಇಲಿ ನುಸುಳದ ಕಟ್ಟಡಗಳ ಫ್ರೇಜರ್ ಟೌನ್ ನಿರ್ಮಾಣವಾಯಿತು. ಆಗಿನ ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರು ಆ ಬಡಾವಣೆಗೆ ಬಂತು. 1868ರಲ್ಲಿ ಆರಂಭವಾದ ಬೌರಿಂಗ್ ಆಸ್ಪತ್ರೆಗೂ ಕಮಿಷನರ್ ಲೆವಿನ್ ಬೌರಿಂಗ್ ಅವರ ಹೆಸರೇ. ಅದೇ ಆಸ್ಪತ್ರೆಯ ವಾರ್ಡುಗಳಲ್ಲಿ ಒಂದು ಕಾಲದಲ್ಲಿ ಶುಶ್ರೂಷೆ ಮಾಡಿದ ಸಂತ ಜೋಸೆಫರ ತಾರ್ಬ್ ಸಭೆಯ ಧರ್ಮಭಗಿನಿಯರ ಹೆಸರನ್ನು ಇಂದು ಯಾರು ಬಲ್ಲರು? ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವರನ್ನು ಮರೆಯುವ ಅಭ್ಯಾಸ ನಮಗೆ ಹಳೆಯದು.

ಐಸಿಯು ಒಳಗೆ ನಡೆದದ್ದೇನು?

ತೀವ್ರ ನಿಗಾ ಘಟಕ ಎಂದರೆ ಕೇವಲ ಯಂತ್ರಗಳಿರುವ ಕೊಠಡಿಯಲ್ಲ. ಅಲ್ಲಿ ಗಳಿಗೆ ಗಳಿಗೆಗೂ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಗಮನಿಸುತ್ತಿರಬೇಕು. ವೆಂಟಿಲೇಟರ್ ಹಾಕಿದ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಎಲ್ಲರೂ ಒಪ್ಪಿದ ಮಾನದಂಡ. ಎರಡನೆಯ ಅಲೆಯಲ್ಲಿ ಈ ಲೆಕ್ಕ ಕಾಗದದ ಮೇಲೆ ಮಾತ್ರ ಉಳಿಯಿತು. ಹೊಸದಾಗಿ ತೆರೆದ ಹಾಸಿಗೆಗಳಿಗೆ ಐಸಿಯು ಅನುಭವವೇ ಇಲ್ಲದ ಸಾಮಾನ್ಯ ವಾರ್ಡಿನ ನರ್ಸುಗಳನ್ನು ತಂದು ನಿಲ್ಲಿಸಲಾಯಿತು. ವೆಂಟಿಲೇಟರ್ ಖರೀದಿಸಲು ಕೆಲವು ವಾರ ಸಾಕು. ಅದನ್ನು ನಡೆಸಬಲ್ಲ ನರ್ಸ್ ತಯಾರಾಗಲು ವರ್ಷಗಳು ಬೇಕು.

ಪಿಪಿಇ ಕಿಟ್ ಬಗ್ಗೆ ನಾವೆಲ್ಲರೂ ಕೇಳಿದ್ದೇವೆ. ಅದನ್ನು ಒಮ್ಮೆ ಹಾಕಿದರೆ ಪಾಳಿ ಮುಗಿಯುವವರೆಗೆ, ಆರು ಗಂಟೆಯೋ ಎಂಟು ಗಂಟೆಯೋ, ನೀರು ಕುಡಿಯುವಂತಿಲ್ಲ, ಶೌಚಾಲಯಕ್ಕೆ ಹೋಗುವಂತಿಲ್ಲ. ಅನೇಕರು ವಯಸ್ಕರ ಡೈಪರ್ ಕಟ್ಟಿಕೊಂಡು ಕೆಲಸ ಮಾಡಿದರು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡನ್ನು ಬರೆಯಲು ನಮ್ಮ ಪತ್ರಿಕೆಗಳು ಸಂಕೋಚಪಟ್ಟವು. ಕನ್ನಡಕಕ್ಕೆ ಮಂಜು ಕವಿದರೆ ಸೂಜಿ ಚುಚ್ಚಲು ನರ ಕಾಣದು. ಎರಡು ಕೈಗವಸಿನ ಬೆರಳಿಗೆ ನಾಡಿ ಸಿಗದು. ಮುಖ ಮುಚ್ಚಿದ್ದರಿಂದ ಯಾರು ಡಾಕ್ಟರ್, ಯಾರು ಆಯಾ ಎಂಬುದೂ ತಿಳಿಯದೆ ಎದೆಯ ಮೇಲೆ ಮಾರ್ಕರ್ ಪೆನ್ನಿನಿಂದ ಹೆಸರು ಬರೆದುಕೊಳ್ಳುತ್ತಿದ್ದರು. ಶ್ವಾಸಕೋಶಕ್ಕೆ ಗಾಳಿ ಸಿಗಲೆಂದು ರೋಗಿಯನ್ನು ಬೋರಲು ಮಲಗಿಸುವುದುಂಟು. ನಳಿಕೆ, ಡ್ರಿಪ್, ಮಾನಿಟರ್ ತಂತಿ ಒಂದೂ ಕಳಚದಂತೆ ಪ್ರಜ್ಞೆಯಿಲ್ಲದ ದೇಹವನ್ನು ತಿರುಗಿಸಲು ನಾಲ್ಕೈದು ಜನ ಬೇಕು. ಹದಿನಾರು ಗಂಟೆಗಳ ನಂತರ ಮತ್ತೆ ಅಂಗಾತ ತಿರುಗಿಸಬೇಕು. ಹತ್ತು ರೋಗಿಗಳಿದ್ದರೆ ಆ ಕಿಟ್ ಒಳಗಿನ ಬೆನ್ನು ಸೊಂಟ ಏನಾಗಬೇಡ!

ಆದರೆ ಮೈನೋವು ವಿಶ್ರಾಂತಿಯಿಂದ ಹೋಗುತ್ತದೆ. ಹೋಗದೆ ಉಳಿದದ್ದು ಬೇರೆ. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುವುದಿಲ್ಲ. ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಆಮ್ಲಜನಕ ತುಂಬುವ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಅವರು ನೀರು ಕೇಳುತ್ತಾರೆ, ಮಾಸ್ಕ್ ತೆಗೆಯಿರಿ ಎಂದು ಕೈ ಮುಗಿಯುತ್ತಾರೆ, ಪಕ್ಕದ ಹಾಸಿಗೆಯವರು ಸತ್ತದ್ದನ್ನು ನೋಡಿ ಮುಂದಿನ ಸರದಿ ತನ್ನದೇ ಎಂದು ತಿಳಿಯುತ್ತಾರೆ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಅವರ ಕೊನೆಯ ಮಾತು ಕೇಳಿಸಿಕೊಂಡವರು ನರ್ಸುಗಳೇ. ಸಿಸ್ಟರ್ ಕೈಯಲ್ಲಿ ಹಿಡಿದ ಮೊಬೈಲಿನ ವೀಡಿಯೊ ಕರೆಯಲ್ಲಿ ಹೆಂಡತಿ ಮಕ್ಕಳು ವಿದಾಯ ಹೇಳಿದ ಉದಾಹರಣೆಗಳು ಊರೂರಿನಲ್ಲಿವೆ. ಒಂದು ಪಾಳಿಯಲ್ಲಿ ಇಂಥ ಮೂರು ಕರೆ ಹಿಡಿದ ಕೈ ಮನೆಗೆ ಬಂದು ಅನ್ನ ಬಡಿಸಿಕೊಳ್ಳಬೇಕು.

ಇಲ್ಲಿ ಪುರೋಹಿತರಾದ ನಮ್ಮ ಜಾಗದಲ್ಲಿ ನಿಂತವರೂ ಅವರೇ ಎಂಬುದನ್ನು ನೆನಪಿಡಬೇಕು. ಅನೇಕ ಕಡೆ ಗುರುಗಳಿಗೆ ಐಸಿಯು ಪ್ರವೇಶವಿರಲಿಲ್ಲ. ಅಭ್ಯಂಗ ಸಂಸ್ಕಾರ ಸಿಗದೆ ಹೋದವರು ಬಹಳ. 2020ರ ಮಾರ್ಚ್‌ನಲ್ಲಿ ವ್ಯಾಟಿಕನ್ನಿನ ಅಪೊಸ್ತಲಿಕ ಪೆನಿಟೆನ್ಷರಿ ಹೊರಡಿಸಿದ ಆಜ್ಞೆಯು ರೋಗಿಗಳಿಗೆ ಮಾತ್ರವಲ್ಲದೆ ಅವರ ಶುಶ್ರೂಷೆ ಮಾಡುವವರಿಗೂ ವಿಶೇಷ ದಂಡವಿಮೋಚನೆಯನ್ನು ನೀಡಿತು. ರೋಗಿಯ ಕಿವಿಯಲ್ಲಿ ಪ್ರಾರ್ಥನೆ ಹೇಳಿದವರು ಎಲ್ಲ ಮತದಲ್ಲೂ ಇದ್ದರು. ಕೇರಳದ ಪಟ್ಟಾಂಬಿಯಲ್ಲಿ ಸಾಯುತ್ತಿದ್ದ ಮುಸ್ಲಿಂ ಮಹಿಳೆಯ ಕಿವಿಯಲ್ಲಿ ಹಿಂದೂ ವೈದ್ಯೆಯೊಬ್ಬರು ಕಲಿಮಾ ಹೇಳಿದ್ದು 2021ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು.

ಮೂರು ಬೇರೆ ಬೇರೆ ತೊಂದರೆಗಳು

"ಟೆನ್ಶನ್" ಎಂಬ ಒಂದೇ ಪದದಲ್ಲಿ ನಾವು ಎಲ್ಲವನ್ನೂ ಸೇರಿಸಿಬಿಡುತ್ತೇವೆ. ವೈದ್ಯಶಾಸ್ತ್ರ ಹಾಗೆ ಮಾಡುವುದಿಲ್ಲ.

ಮೊದಲನೆಯದು ಬರ್ನ್‌ಔಟ್, ಅಂದರೆ ಕೆಲಸದಿಂದ ಬತ್ತಿಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿದೆ. ಶಕ್ತಿ ಬಸಿದುಹೋಗುತ್ತದೆ, ರೋಗಿ "ಏಳನೇ ನಂಬರ್ ಬೆಡ್" ಮಾತ್ರ ಆಗುತ್ತಾನೆ, ತಾನು ಮಾಡುವ ಕೆಲಸಕ್ಕೆ ಅರ್ಥವಿಲ್ಲ ಅನಿಸುತ್ತದೆ. ರಜೆ, ನಿದ್ದೆ, ಸಾಕಷ್ಟು ಸಿಬ್ಬಂದಿ ಸಿಕ್ಕರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಎರಡನೆಯದು ಆಘಾತದ ನಂತರದ ಒತ್ತಡ, ವೈದ್ಯರು ಪಿಟಿಎಸ್‌ಡಿ ಎನ್ನುವಂಥದ್ದು. ಕುಕ್ಕರ್ ಸೀಟಿ ಹೊಡೆದರೂ ಮಾನಿಟರ್ ಅಲಾರಂ ಕೇಳಿದಂತಾಗಿ ಎದೆ ಬಡಿದುಕೊಳ್ಳುವುದು, ಸ್ಯಾನಿಟೈಸರ್ ವಾಸನೆಗೆ ವಾಕರಿಕೆ, ಆಸ್ಪತ್ರೆಯ ಆ ಮಹಡಿಗೆ ಹೋಗಲು ಕಾಲು ಬಾರದಿರುವುದು, ನಿದ್ದೆಯಲ್ಲಿ ಮತ್ತೆ ಮತ್ತೆ ಅದೇ ಮುಖ. ಅಪಾಯ ಮುಗಿದಿದ್ದರೂ ಅದು ಮುಗಿದಿದೆ ಎಂಬ ಸುದ್ದಿ ಮೈಗೆ ಮುಟ್ಟಿರುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ; ಚಿಕಿತ್ಸೆಯಿಂದ ಗುಣವಾಗುವವರು ಬಹಳ.

ಮೂರನೆಯದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ನನ್ನ ದೃಷ್ಟಿಯಲ್ಲಿ ಐಸಿಯು ಸಿಬ್ಬಂದಿಯ ನಿಜವಾದ ಗಾಯ ಅದೇ. ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ ಅವರು ನರ್ಸುಗಳ ಕೆಲಸದ ಬಗ್ಗೆ 1984ರಲ್ಲಿ ಬರೆಯುತ್ತಾ ಒಂದು ಸ್ಥಿತಿಯನ್ನು ಗುರುತಿಸಿದರು: ಏನು ಮಾಡಬೇಕೆಂಬುದು ಗೊತ್ತು, ಆದರೆ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ. ಇದನ್ನು ನೈತಿಕ ಸಂಕಟ ಎನ್ನಬಹುದು. ಮುಂದೆ ಮನೋವೈದ್ಯ ಜೊನಾಥನ್ ಶೇ ಅವರು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲಿ ಭಯಕ್ಕಿಂತ ಆಳವಾದ ಒಂದು ಗಾಯವನ್ನು ಕಂಡರು. ಸರಿಯಾದುದು ಯಾವುದೆಂಬ ನಂಬಿಕೆಯೇ ಮುರಿದಾಗ ಆಗುವ ಆ ಗಾಯಕ್ಕೆ ನೈತಿಕ ಗಾಯ ಎಂಬ ಹೆಸರು ಬಂತು.

2021ರ ಏಪ್ರಿಲ್ ಕೊನೆಯ ವಾರಗಳ ಬೆಂಗಳೂರನ್ನು ನೆನಪಿಸಿಕೊಳ್ಳಿ. ಅಂದಿನ ಬಿಬಿಎಂಪಿಯ ಹಾಸಿಗೆ ಪಟ್ಟಿಯಲ್ಲಿ ವೆಂಟಿಲೇಟರ್ ಇರುವ ಐಸಿಯು ಹಾಸಿಗೆಗಳ ಲೆಕ್ಕ ಶೂನ್ಯ ಅಥವಾ ಬೆರಳೆಣಿಕೆ. ಬಾಗಿಲಲ್ಲಿ ಆಂಬುಲೆನ್ಸ್, ಒಳಗೆ ಜಾಗವಿಲ್ಲ. ಒಂದು ಹಾಸಿಗೆ ಖಾಲಿಯಾದರೆ ಅದು ಮೂವತ್ತರ ಹರೆಯದ ತಾಯಿಗೋ ಅರವತ್ತೈದರ ತಂದೆಗೋ? ತೀರ್ಮಾನ ಮಾಡಿದ್ದು ಹಿರಿಯ ವೈದ್ಯರಿರಬಹುದು, ಆದರೆ ಇನ್ನೊಬ್ಬರ ಮನೆಯವರಿಗೆ "ಇಲ್ಲ" ಎಂದು ಹೇಳಲು ಬಾಗಿಲಿಗೆ ಹೋದದ್ದು ಇಪ್ಪತ್ತಾರು ವರ್ಷದ ಪಿಜಿ ವೈದ್ಯ ಅಥವಾ ನರ್ಸ್. ಆ ವರ್ಷ ನೀಟ್ ಪಿಜಿ ಪರೀಕ್ಷೆ ಮುಂದೂಡಿಕೆಯಾಗಿ, ಕೌನ್ಸೆಲಿಂಗ್ 2022ರ ಜನವರಿಯವರೆಗೂ ಎಳೆದದ್ದರಿಂದ ಹೊಸ ತಂಡ ಬರಲೇ ಇಲ್ಲ. ಮೂರು ತಂಡಗಳ ಕೆಲಸವನ್ನು ಎರಡು ತಂಡಗಳು ಮಾಡಿದವು.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಸತ್ತರು. ಮೊದಲು ಕೇಳಿಬಂದ ಸಂಖ್ಯೆ 24; ಹೈಕೋರ್ಟ್ ನೇಮಿಸಿದ ಸಮಿತಿ ಸಾವಿನ ಸಂಖ್ಯೆ ಇನ್ನೂ ಹೆಚ್ಚೆಂದು ಕಂಡುಕೊಂಡಿತು. ಯಾರ ತಪ್ಪು ಎಂಬ ವಿಚಾರಣೆ, ರಾಜಕೀಯ ಎಲ್ಲವೂ ನಡೆದವು. ಆ ರಾತ್ರಿ ಆ ವಾರ್ಡಿನಲ್ಲಿ ಪಾಳಿಯಲ್ಲಿದ್ದವರ ಬಗ್ಗೆ ಸ್ವಲ್ಪ ಯೋಚಿಸಿ. ರೋಗಿಗೆ ಏನು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕೈಯಲ್ಲಿ ಅದು ಇರಲಿಲ್ಲ. ಇಂಥ ರಾತ್ರಿಯಿಂದ ಹೊರಬಂದವರಿಗೆ "ಧೈರ್ಯವಾಗಿರಿ" ಎಂದು ಹೇಳಿದರೆ ಏನು ಪ್ರಯೋಜನ? ಅವರಿಗೆ ಕಡಿಮೆಯಾಗಿದ್ದದ್ದು ಧೈರ್ಯವಲ್ಲ.

ಅಧ್ಯಯನಗಳು ಹೇಳುವುದು

ಚೀನಾದಲ್ಲಿ 2020ರ ಆರಂಭದಲ್ಲೇ 1,257 ಆರೋಗ್ಯ ಕಾರ್ಯಕರ್ತರನ್ನು ಪ್ರಶ್ನಿಸಿದಾಗ ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು, ಮೂರನೇ ಒಂದು ಭಾಗದವರಲ್ಲಿ ನಿದ್ರಾಹೀನತೆ ಕಂಡುಬಂತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಇಂಗ್ಲೆಂಡಿನ ಒಂಬತ್ತು ಐಸಿಯುಗಳ ಅಧ್ಯಯನ. 2020ರ ಜೂನ್ ಮತ್ತು ಜುಲೈನಲ್ಲಿ 709 ಸಿಬ್ಬಂದಿ ಉತ್ತರಿಸಿದರು. ಶೇ. 40ರಷ್ಟು ಜನರ ಉತ್ತರಗಳು ಪಿಟಿಎಸ್‌ಡಿ ಇರುವ ಸಂಭವವನ್ನು ಸೂಚಿಸಿದವು. ಶೇ. 13ರಷ್ಟು ಜನರು, ಸತ್ತಿದ್ದರೆ ಚೆನ್ನಾಗಿತ್ತು ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಇತ್ತೀಚೆಗೆ ಬಂದಿತ್ತೆಂದರು. ವೈದ್ಯರಿಗಿಂತ ನರ್ಸುಗಳಲ್ಲಿ ತೊಂದರೆ ಹೆಚ್ಚಾಗಿತ್ತು. ಇವು ಪ್ರಶ್ನಾವಳಿಯ ಅಂಕಿಗಳು, ವೈದ್ಯರು ಪರೀಕ್ಷಿಸಿ ಹೇಳಿದವಲ್ಲ, ಹಾಗೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಅದು ಮೊದಲ ಅಲೆ ಮಾತ್ರ, ಮತ್ತು ಆಮ್ಲಜನಕಕ್ಕೆ ಕೊರತೆಯಿಲ್ಲದ ದೇಶ.

ನಮ್ಮ ರಾಜ್ಯದಲ್ಲಿ 2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಕೋವಿಡ್ ಕೆಲಸದ ಒತ್ತಡವೇ ಕಾರಣವೆಂದು ಸಹೋದ್ಯೋಗಿ ವೈದ್ಯರು ಬೀದಿಗಿಳಿದು ಪ್ರತಿಭಟಿಸಿದರು. ಅವರು ಐಸಿಯು ವೈದ್ಯರಲ್ಲ. ಆದರೆ ಎಚ್ಚರಿಕೆ ಎಲ್ಲರಿಗೂ ಒಂದೇ ಆಗಿತ್ತು.

ಹೂಮಳೆ ಮತ್ತು ಬಾಡಿಗೆ ಮನೆ

2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿತು. ಮೇ 3ರಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೂ ವಾಯುಪಡೆಯ ಹೆಲಿಕಾಪ್ಟರ್ ಹೂ ಸುರಿಸಿತು. ಅದೇ ದಿನಗಳಲ್ಲಿ ನರ್ಸುಗಳಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರು ದೇಶದ ಹಲವು ನಗರಗಳಲ್ಲಿದ್ದರು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧ ಮಾಡಲು 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸೆಪ್ಟೆಂಬರ್ ಕೊನೆಗೆ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ಅವರು ಕೇಳಿದ್ದು ಹೂವಲ್ಲ, ಕೆಲಸದ ಭದ್ರತೆ ಮತ್ತು ಸರಿಯಾದ ಸಂಬಳ.

ಹೊಗಳಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ "ನೀವು ದೇವದೂತರು" ಎಂದಾಗ ಒಬ್ಬ ನರ್ಸ್ ಬಾಯಿ ಮುಚ್ಚಿಕೊಳ್ಳುತ್ತಾಳೆ. ದೇವದೂತರಿಗೆ ಸಿಟ್ಟು ಬರುವಂತಿಲ್ಲ, ಸುಸ್ತಾಗುವಂತಿಲ್ಲ, ರೋಗಿ ಸತ್ತಾಗ ಒಂದು ಕ್ಷಣ "ಸದ್ಯ, ಒಂದು ಹಾಸಿಗೆ ಸಿಕ್ಕಿತು" ಎಂದು ಅನಿಸುವಂತಿಲ್ಲ. ಹಾಗೆ ಅನಿಸಿದ್ದನ್ನು ಅವಳು ಯಾರಿಗೆ ಹೇಳಬೇಕು?

ಇಲ್ಲಿ ನಮ್ಮ ಗುರುವರ್ಗಕ್ಕೆ ಒಂದು ಮಾತು. ಇಂಥ ಅಪರಾಧಭಾವ ಹೊತ್ತವರು ಪಾಪನಿವೇದನೆಗೆ ಬರುವುದುಂಟು. ಪಾಪಕ್ಕೆ ಅರಿವು ಬೇಕು, ಸ್ವತಂತ್ರ ಸಮ್ಮತಿ ಬೇಕು ಎಂದು ನಾವೆಲ್ಲರೂ ಸೆಮಿನರಿಯಲ್ಲಿ ಓದಿದ್ದೇವೆ. ಹಾಸಿಗೆ ಇಲ್ಲದ್ದಕ್ಕೆ ಒಬ್ಬರನ್ನು ಹಿಂದೆ ಕಳುಹಿಸಿದ ನರ್ಸ್ ಪಾಪ ಮಾಡಿಲ್ಲ. ಹಾಗೆಂದು "ಇದು ಪಾಪವಲ್ಲಮ್ಮ, ಹೋಗಿ ಬಾ" ಎಂದು ಎರಡೇ ನಿಮಿಷದಲ್ಲಿ ಕಳುಹಿಸಿಬಿಟ್ಟರೆ ಅವಳ ಗಾಯ ಹಾಗೆಯೇ ಉಳಿಯುತ್ತದೆ. ಅವಳ ಮನಸ್ಸಾಕ್ಷಿ ಕೆಟ್ಟಿಲ್ಲ, ಕೆಟ್ಟಿದ್ದರೆ ನೋಯುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಬೇಕು, ಅವಳ ಮಾತನ್ನು ಪೂರ್ತಿ ಕೇಳಬೇಕು, ಬೇಕಿದ್ದರೆ ಆಪ್ತಸಲಹೆಗಾರರ ಬಳಿ ಕಳುಹಿಸಬೇಕು. ಪಾಪಕ್ಷಮೆಯು ಚಿಕಿತ್ಸೆಗೆ ಬದಲಿಯಲ್ಲ, ಚಿಕಿತ್ಸೆಯು ಪಾಪಕ್ಷಮೆಗೆ ಬದಲಿಯಲ್ಲ.

ಏನು ಮಾಡಬಹುದು?

ಮೊದಲು, ಮಾಡಬಾರದ್ದು. ಆಘಾತವಾದವರನ್ನು ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲ ಬಲವಂತವಾಗಿ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಸಂಶೋಧನೆಗಳ ಪರಿಶೀಲನೆಯಿಂದ ತಿಳಿದುಬಂದಿದೆ. ಆದ್ದರಿಂದ ಯುವಜನರ ಸಭೆಯಲ್ಲಿ ವೇದಿಕೆಗೆ ಕರೆದು "ನಿಮ್ಮ ಕೋವಿಡ್ ಅನುಭವ ಹಂಚಿಕೊಳ್ಳಿ" ಎಂದು ಮೈಕ್ ಕೊಡುವುದು ಬೇಡ. ಅವರಾಗಿಯೇ ಹೇಳಲು ಬಂದರೆ ಗಡಿಯಾರ ನೋಡದೆ ಕೇಳಿ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: "ನಿಮಗೆ ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯೇ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಪೊಲೀಸರ ಹೆದರಿಕೆಯಿಂದ ಚಿಕಿತ್ಸೆ ತಪ್ಪಿಸಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಬಹುದು. ಹಗಲು ರಾತ್ರಿ ಲಭ್ಯ, ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮನೆಯವರು ಮಾಡಬೇಕಾದದ್ದು ಬಹಳ ಸರಳ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಹಗಲಲ್ಲಿ ನಿದ್ದೆ ಮಾಡಲು ಬಿಡಿ. ಬೆಳಿಗ್ಗೆ ಹತ್ತಕ್ಕೆ ಊರಿನಿಂದ ಫೋನ್ ಮಾಡಬೇಡಿ. "ಕೆಲಸ ಬಿಡಬೇಕು ಅನಿಸುತ್ತಿದೆ ಅಮ್ಮ" ಎಂದಾಗ ಮನೆ ಸಾಲದ ಕಂತಿನ ಲೆಕ್ಕ ಹೇಳುವ ಮೊದಲು ಯಾಕೆ ಎಂದು ಕೇಳಿ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ಆಯಾ, ವಾರ್ಡ್ ಬಾಯ್, ಆಂಬುಲೆನ್ಸ್ ಚಾಲಕ, ಶವಾಗಾರದಲ್ಲಿ ದೇಹಕ್ಕೆ ಚೀಲ ಸುತ್ತಿದವರು, ಇವರೂ ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರ ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದವರೂ ಕಡಿಮೆ.

ಆಸ್ಪತ್ರೆ ನಡೆಸುವವರಿಗೆ, ಅಂದರೆ ಕ್ರೈಸ್ತ ಸಭೆಯ ನಮ್ಮದೇ ಸಂಸ್ಥೆಗಳಿಗೂ, ಹೇಳಬೇಕಾದದ್ದಿದೆ. ಯೋಗ ಶಿಬಿರ, ಧ್ಯಾನಕೂಟ ಒಳ್ಳೆಯದೇ. ಆದರೆ ಒಬ್ಬ ನರ್ಸ್ ನಾಲ್ಕು ವೆಂಟಿಲೇಟರ್ ನೋಡುವ ಐಸಿಯುವಿನಲ್ಲಿ ಯಾವ ಧ್ಯಾನವೂ ಕೆಲಸ ಮಾಡದು. ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20 ಸಾವಿರ ರೂಪಾಯಿಗಿಂತ ಕಡಿಮೆ ಸಂಬಳ ಇರಬಾರದೆಂದು 2016ರಲ್ಲೇ ಶಿಫಾರಸು ಮಾಡಿತ್ತು. ಮಾನಸಿಕ ಆರೋಗ್ಯದ ಮಾತು ಶುರುವಾಗಬೇಕಾದದ್ದು ಪಾಳಿ ಪಟ್ಟಿಯಿಂದ ಮತ್ತು ಸಂಬಳದ ಚೀಟಿಯಿಂದ. ಪಾಳಿ ಮುಗಿದಾಗ ಹತ್ತು ನಿಮಿಷ ತಂಡದ ಹಿರಿಯರು ಎಲ್ಲರ ಜೊತೆ ನಿಂತು "ಇವತ್ತು ಕಷ್ಟವಾಯಿತು" ಎಂದು ಒಪ್ಪಿಕೊಂಡರೂ ಸಾಕು, ಮನೆಗೆ ಹೊತ್ತೊಯ್ಯುವ ಭಾರ ಸ್ವಲ್ಪ ಕಡಿಮೆಯಾಗುತ್ತದೆ. ಮನೋವೈದ್ಯರನ್ನು ಕಂಡ ಸಿಬ್ಬಂದಿಯ ಕಡತದಲ್ಲಿ ಅದನ್ನು ಬರೆದಿಟ್ಟು ಬಡ್ತಿಯ ಹೊತ್ತಿಗೆ ತೆಗೆಯುವ ಸಂಸ್ಥೆಗೆ ಯಾರೂ ಸತ್ಯ ಹೇಳುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಸಲಹೆ. ನವೆಂಬರ್ 2ರಂದು ಮೃತರ ಸ್ಮರಣೆಯ ಬಲಿಪೂಜೆಗೆ ನಾವು ಕುಟುಂಬದವರಿಂದ ಹೆಸರುಗಳನ್ನು ಪಡೆಯುತ್ತೇವೆ. ಕೋವಿಡ್‌ನಿಂದ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಜನರು ಸತ್ತರೆಂದು ಸರ್ಕಾರಿ ಲೆಕ್ಕವೇ ಹೇಳುತ್ತದೆ. ಅವರಲ್ಲಿ ಹಲವರ ಕೊನೆಯ ಗಳಿಗೆಗೆ ಸಾಕ್ಷಿಯಾದವರು ರಕ್ತಸಂಬಂಧಿಗಳಲ್ಲ. ಆ ಪಟ್ಟಿಯಲ್ಲಿ ನರ್ಸುಗಳಿಗೂ ಆಯಾಗಳಿಗೂ ಒಂದು ಹಾಳೆ ಇಡಿ. ಹೆಸರು ಮರೆತಿದ್ದರೆ "ಹನ್ನೆರಡನೇ ಬೆಡ್ಡಿನ ಅಜ್ಜ" ಎಂದು ಬರೆದರೂ ಸರಿ. ಯಾರು ಬರೆದರು, ಯಾಕೆ ಬರೆದರು ಎಂದು ಗುರಿಕಾರರು ಕೇಳುವುದು ಬೇಡ.